ಅವ್ವನ ಕೈಗೆ ಸೂಜಿ ಮರಳಿ ಕೊಟ್ಟದ್ದು: ಹಿರಿಯರ ಹವ್ಯಾಸ ಮತ್ತು ಮಿದುಳಿನ ಆರೋಗ್ಯಕ್ಕೊಂದು ಮಾರ್ಗದರ್ಶಿ

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ನವಲಗುಂದದ ಕಡೆಯ ನಮ್ಮ ಹಳ್ಳಿಯಿಂದ ಧಾರವಾಡಕ್ಕೆ ಕರೆದುಕೊಂಡು ಬಂದೆವು. ಆಗ ಅವಳಿಗೆ 71. ಊರಲ್ಲಿದ್ದಾಗ ನಸುಕಿನಲ್ಲೇ ಎದ್ದು ಅಂಗಳ ಸಾರಿಸುತ್ತಿದ್ದಳು, ಸಂತೆಯ ಲೆಕ್ಕ ಬಾಯಲ್ಲೇ ಹಾಕುತ್ತಿದ್ದಳು, ಮಧ್ಯಾಹ್ನ ಕಟ್ಟೆಯ ಮೇಲೆ ಮೂರ್ನಾಲ್ಕು ಹೆಂಗಸರ ಜೊತೆ ಕೌದಿ (ಹಳೆಯ ಬಟ್ಟೆಯ ತುಂಡು ಜೋಡಿಸಿದ ಹೊದಿಕೆ) ಹೊಲಿಯುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ನಾವು ಮನೆಮಂದಿಯೆಲ್ಲ ಸೇರಿ ಅವಳಿಗೆ ಒಂದೇ ಮಾತು ಹೇಳಿದೆವು: "ಕೂಡವ್ವಾ, ಜೀವನಪೂರ್ತಿ ದುಡದೀ, ಇನ್ನಾರ ಆರಾಮ ಇರು." ಕಾಳು ಆರಿಸಲು ಬಿಡಲಿಲ್ಲ. ಒಲೆಯ ಹತ್ತಿರ ಸುಳಿಯಲು ಬಿಡಲಿಲ್ಲ. ಟಿವಿ ಮುಂದೆ ಮೆತ್ತನೆಯ ಕುರ್ಚಿ ಹಾಕಿಕೊಟ್ಟೆವು.

ಎಂಟು ತಿಂಗಳಲ್ಲಿ ಅವಳು ಇವತ್ತು ಯಾವ ವಾರ ಎಂದು ದಿನಕ್ಕೆರಡು ಸಲ ಕೇಳತೊಡಗಿದಳು. ಮಾತು ಕಡಿಮೆಯಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸುತ್ತಿದ್ದಳು. ಪ್ರೀತಿಯಿಂದಲೇ ನಾವು ಅವಳ ಕೈಯಿಂದ ದಿನವನ್ನು ಕಿತ್ತುಕೊಂಡಿದ್ದೆವು ಎಂದು ಅರ್ಥವಾಗಲು ನನಗೆ ಬಹಳ ತಡವಾಯಿತು. ಆಮೇಲಿನ ಮೂರು ವರ್ಷಗಳಲ್ಲಿ ಓದಿದ್ದು, ವೈದ್ಯರಿಂದ ಕೇಳಿ ತಿಳಿದದ್ದು, ಮನೆಯಲ್ಲಿ ಮಾಡಿ ನೋಡಿದ್ದು ಎಲ್ಲವನ್ನೂ ಇಲ್ಲಿ ಹೆಜ್ಜೆಯಾಗಿ ಜೋಡಿಸಿದ್ದೇನೆ. ಮನೆಯಲ್ಲಿ ಅರವತ್ತು ದಾಟಿದ ಅವ್ವ, ಅಪ್ಪ, ಅತ್ತೆ, ಮಾವ, ಅಜ್ಜಿ ಯಾರೇ ಇರಲಿ, ಅವರ ಜೊತೆ ಕೂತು ಮಾಡಬಹುದಾದ ಕೆಲಸವಿದು.

ಹವ್ಯಾಸದಿಂದ ಏನಾಗುತ್ತದೆ, ಏನಾಗುವುದಿಲ್ಲ

ಶುರು ಮಾಡುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ 75 ದಾಟಿದ, ಡಿಮೆನ್ಶಿಯಾ (ನೆನಪು, ಯೋಚನೆ ಕ್ರಮೇಣ ಕುಗ್ಗುವ ಮರೆವಿನ ಕಾಯಿಲೆ) ಇಲ್ಲದ 469 ಜನರನ್ನು ಸುಮಾರು ಐದು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದು, ಮಣೆಯಾಟ, ವಾದ್ಯ ನುಡಿಸುವುದು, ನೃತ್ಯ ಈ ನಾಲ್ಕನ್ನು ಮಾಡುತ್ತಿದ್ದವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತ್ತು. ಅಲ್ಲಿಂದ ಈಚೆಗೆ "ಪದಬಂಧ ಬಿಡಿಸಿ, ಮರೆವು ಓಡಿಸಿ" ಎಂಬಂಥ ಮಾತು ಎಲ್ಲೆಡೆ ಹಬ್ಬಿತು.

ಆದರೆ ಇನ್ನೊಂದು ಅಧ್ಯಯನವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಬ್ರಿಟನ್ನಿನ ಸರ್ಕಾರಿ ನೌಕರರ ವೈಟ್‌ಹಾಲ್ ಅಧ್ಯಯನದಲ್ಲಿ ಸರಾಸರಿ 56 ವಯಸ್ಸಿನ 8,280 ಜನರನ್ನು ಸರಾಸರಿ 18 ವರ್ಷ ಹಿಂಬಾಲಿಸಿದರು. ನಡುವಯಸ್ಸಿನ ಹವ್ಯಾಸಕ್ಕೂ ಮುಂದಿನ ಡಿಮೆನ್ಶಿಯಾಕ್ಕೂ ನೇರ ನಂಟು ಸಿಗಲಿಲ್ಲ. ಕಾಯಿಲೆ ಬಂದವರಲ್ಲಿ ಕೆಲವರು ಅದು ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ತಮ್ಮ ಹವ್ಯಾಸಗಳನ್ನು ಕಡಿಮೆ ಮಾಡಿಕೊಂಡಿದ್ದರು. ಅಂದರೆ ಹವ್ಯಾಸ ಬಿಟ್ಟದ್ದರಿಂದ ಮರೆವು ಬಂತೋ, ಒಳಗೊಳಗೇ ಶುರುವಾಗಿದ್ದ ಮರೆವಿನಿಂದ ಹವ್ಯಾಸ ಬಿಟ್ಟಿತೋ ಎಂಬುದನ್ನು ಬಿಡಿಸಿ ಹೇಳುವುದು ಕಷ್ಟ.

ಇದರಿಂದ ನಾನು ಎರಡು ಮಾತು ಕಲಿತೆ. ಹವ್ಯಾಸವನ್ನು ಔಷಧ ಎಂದು ಯಾರಿಗೂ ಮಾತು ಕೊಡಬಾರದು. ಹಾಗೆಯೇ, ಹಿರಿಯರು ಇಷ್ಟದ ಕೆಲಸವೊಂದನ್ನು ಸದ್ದಿಲ್ಲದೆ ಬಿಟ್ಟುಬಿಟ್ಟರೆ ಅದನ್ನು "ವಯಸ್ಸಾಯಿತು ಬಿಡಿ" ಎಂದು ತಳ್ಳಿಹಾಕಲೂಬಾರದು. ಆ ಬಿಟ್ಟ ಜಾಗದಿಂದಲೇ ನಮ್ಮ ಕೆಲಸ ಶುರುವಾಗುತ್ತದೆ.

ಹೆಜ್ಜೆ 1: ಮೊದಲು ಕಣ್ಣು, ಕಿವಿ, ಮಾತ್ರೆ ಡಬ್ಬಿ

ಚೌಕಾಬಾರದ ಮಣೆ ತರುವ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪೊರೆ ಬಂದ ಕಣ್ಣಿಗೆ ಸೂಜಿಯ ತೂತೂ ಕಾಣದು, ಪೇಪರಿನ ಅಕ್ಷರವೂ ಕಾಣದು. ಕಿವಿ ಮಂದವಾದವರು ನಾಲ್ಕು ಜನರ ನಡುವೆ ಕೂತರೂ ಒಬ್ಬಂಟಿಗಳೇ. ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ನಗೆಗೀಡಾದ ಮೇಲೆ ಮಾತಾಡುವುದನ್ನೇ ಬಿಡುತ್ತಾರೆ. ಮನೆಯವರು ಅದನ್ನು ಮರೆವು ಎಂದುಕೊಳ್ಳುತ್ತಾರೆ. ಕೆಲವೊಮ್ಮೆ ಕಿವಿಯ ಗುಗ್ಗೆ ತೆಗೆಸಿದರೇ ಅರ್ಧ ಸಮಸ್ಯೆ ತೀರುತ್ತದೆ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರ ವರದಿಯಲ್ಲಿ ಡಿಮೆನ್ಶಿಯಾದ ಅಪಾಯ ಹೆಚ್ಚಿಸುವ, ಆದರೆ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಕಿವುಡು, ಚಿಕಿತ್ಸೆ ಸಿಗದ ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟ್ರಾಲ್, ಖಿನ್ನತೆ, ಒಂಟಿತನ, ಮೈ ಅಲುಗದ ಬದುಕು ಎಲ್ಲವೂ ಅದರಲ್ಲಿವೆ. ಇವನ್ನೆಲ್ಲ ಸರಿಪಡಿಸಲು ಸಾಧ್ಯವಾದರೆ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅವರ ಅಂದಾಜು. ಹಾಗಾಗಿ ಬಿಪಿ, ಸಕ್ಕರೆ ನೋಡಿಸುವುದು ಮಿದುಳಿನ ಕೆಲಸವೇ ಆಯಿತು.

ಮಾತ್ರೆಗಳ ಡಬ್ಬಿಯನ್ನೂ ಡಾಕ್ಟರ ಮುಂದೆ ಸುರಿದು ತೋರಿಸಿ. ನಿದ್ದೆಯ ಮಾತ್ರೆ, ನೆಗಡಿ-ಅಲರ್ಜಿಯ ಕೆಲವು ಮಾತ್ರೆಗಳಿಂದ ವಯಸ್ಸಾದವರಿಗೆ ಮಂಪರು, ಗೊಂದಲ ಬರುತ್ತದೆ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಕಾಣಿಸಿಕೊಳ್ಳಬಹುದು. ರಕ್ತ ಪರೀಕ್ಷೆಯಲ್ಲಿ ಇವು ಗೊತ್ತಾಗುತ್ತವೆ. ಅವ್ವನಿಗೆ ಎರಡೂ ಕಣ್ಣಿಗೆ ಪೊರೆ ಇತ್ತು, ಬಿ12 ಕಡಿಮೆ ಇತ್ತು. ಇವನ್ನು ನೋಡಿಸದೆಯೇ ನಾನು ಎಂಟು ತಿಂಗಳು ಅವಳ ನೆನಪಿನ ಬಗ್ಗೆ ಅಳುತ್ತ ಕೂತಿದ್ದೆ.

ಹೆಜ್ಜೆ 2: ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ

ಒಂದು 40 ಪುಟದ ನೋಟ್‌ಬುಕ್ ತನ್ನಿ. ಏಳು ದಿನ ಅವರು ಏನು ಮಾಡಿದರು, ಯಾರ ಜೊತೆ ಮಾತಾಡಿದರು, ಯಾವಾಗ ಮುಖ ಅರಳಿತು, ಯಾವಾಗ ಕಣ್ಣು ಮುಚ್ಚಿತು ಎಂಬುದನ್ನು ಅವರಿಗೆ ಮುಜುಗರವಾಗದಂತೆ ಗುರುತು ಹಾಕಿಕೊಳ್ಳಿ. ನನ್ನ ಪುಸ್ತಕದ ಒಂದು ದಿನ ಹೀಗಿದೆ: "ಮಂಗಳವಾರ. 6ಕ್ಕೆ ಎದ್ದಳು. ಚಹಾ. 7ರಿಂದ 9 ಟಿವಿ. 9ಕ್ಕೆ ರೊಟ್ಟಿ. 10ಕ್ಕೆ ತೂಕಡಿಕೆ. 11ಕ್ಕೆ ಹೂವಿನವಳು ಬಂದಾಗ ಬಾಗಿಲಿಗೆ ಹೋಗಿ ಚೌಕಾಸಿ, ಐದು ನಿಮಿಷ ನಕ್ಕಳು. 12ರಿಂದ 4 ಟಿವಿ ಮತ್ತು ನಿದ್ದೆ. ಸಂಜೆ ಮೊಮ್ಮಗಳು ಫೋನ್ ನೋಡುತ್ತ ಪಕ್ಕದಲ್ಲಿ ಕೂತಿದ್ದಳು, ಮಾತಿಲ್ಲ."

ಆ ವಾರದಲ್ಲಿ ಅವ್ವ ನಕ್ಕಿದ್ದು ನಾಲ್ಕು ಸಲ. ನಾಲ್ಕೂ ಹೂವಿನವಳ ಜೊತೆ. ಆಗಲೇ ನನಗೆ ಹಾದಿ ಕಂಡಿತು. ಅವಳಿಗೆ ಬೇಕಿದ್ದದ್ದು ಕೊಡು-ಕೊಳ್ಳುವ ಮಾತು, ತನ್ನ ಜಾಣತನ ಖರ್ಚಾಗುವ ಒಂದು ಜಾಗ.

ಬೆಳಗಿನ ಯಾವ ಹೊತ್ತಿನಲ್ಲಿ ಅವರು ಚುರುಕಾಗಿರುತ್ತಾರೆ ಎಂಬುದೂ ಈ ಪುಸ್ತಕದಿಂದಲೇ ಗೊತ್ತಾಗುತ್ತದೆ. ಮುಂದೆ ಶುರು ಮಾಡುವ ಚಟುವಟಿಕೆಯನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ.

ಹೆಜ್ಜೆ 3: ಬಿಟ್ಟದ್ದು ಯಾಕೆ ಎಂದು ಕೇಳಿ

ಇದನ್ನು ವಿಚಾರಣೆಯ ಹಾಗೆ ಮಾಡಬೇಡಿ. ಸೊಪ್ಪು ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಕೇಳಿ. ಮೊದಲು ಏನೇನು ಮಾಡುತ್ತಿದ್ದಿರಿ, ಯಾರ ಜೊತೆ, ಯಾವಾಗಿನಿಂದ ನಿಂತಿತು?

ಉತ್ತರಗಳು ಹೆಚ್ಚಾಗಿ ನಾವು ಊಹಿಸಿದ್ದಲ್ಲ. "ಮನಸ್ಸಿಲ್ಲ" ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಸಂಗತಿಗಳಿರುತ್ತವೆ. ಭಜನೆಗೆ ಹೋಗುವುದನ್ನು ಬಿಟ್ಟವರಿಗೆ ಮೊಣಕಾಲು ನೋವು, ನೆಲದ ಮೇಲೆ ಕೂರಲಾಗದು, ಒಬ್ಬರೇ ಕುರ್ಚಿ ಮೇಲೆ ಕೂರಲು ಸಂಕೋಚ. ಇಸ್ಪೀಟು ಬಿಟ್ಟವರ ಜೊತೆಗಾರ ತೀರಿಕೊಂಡಿರುತ್ತಾನೆ. ದೂರ ಹೋಗಲು ಒಲ್ಲೆ ಎನ್ನುವವರಿಗೆ ದಾರಿಯಲ್ಲಿ ಮೂತ್ರಕ್ಕೆ ಜಾಗ ಸಿಗುವುದಿಲ್ಲ ಎಂಬ ಭಯ. ಇವು ಯಾವುದೂ ಮರೆವಲ್ಲ, ಎಲ್ಲಕ್ಕೂ ದಾರಿ ಇದೆ. ಆದರೆ "ಇಸ್ಪೀಟಿನ ಎಲೆ ಹಾಕೋದು ಹೇಗೆ ಅಂತ ನಡುವೆ ತಿಳಿಯೋದೇ ಇಲ್ಲ", "ಪಲ್ಯ ಮಾಡುವಾಗ ಮುಂದೇನು ಅಂತ ನಿಂತುಬಿಡ್ತೀನಿ" ಎಂದರೆ ಕಿವಿ ನೆಟ್ಟಗೆ ಮಾಡಿಕೊಳ್ಳಿ. ಅದನ್ನು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ಡಾಕ್ಟರಿಗೆ ಅದು ಬೇಕಾಗುತ್ತದೆ.

ಕೌದಿ ಯಾಕೆ ಬಿಟ್ಟೆ ಎಂದು ಕೇಳಿದಾಗ ಅವ್ವ ಅಂದದ್ದು: "ಸೂಜ್ಯಾಗ ದಾರ ಹೋಗವಲ್ದು. ಮತ್ತ ಈ ಊರಾಗ ಕೌದಿ ಯಾರ ಹೊದ್ಕೋತಾರವಾ?" ಮೊದಲನೆಯದು ಕಣ್ಣಿನ ಮಾತು. ಎರಡನೆಯದು ತಾನು ಯಾರಿಗೂ ಬೇಡವಾದೆ ಎಂಬ ಮಾತು. ಎರಡಕ್ಕೂ ಬೇರೆ ಬೇರೆ ಉತ್ತರ ಹುಡುಕಬೇಕಿತ್ತು.

ಹೆಜ್ಜೆ 4: ಕಿತ್ತುಕೊಂಡ ಕೆಲಸವನ್ನು ಹಿಂದಕ್ಕೆ ಕೊಡಿ

ಹೊಸ ಹವ್ಯಾಸ ಕಲಿಸುವ ಮೊದಲು ಹಳೆಯ ಅಧಿಕಾರವನ್ನು ಮರಳಿಸಿ. ನಮ್ಮಲ್ಲಿ ಎಷ್ಟೋ ಹಿರಿಯರಿಗೆ, ಅದರಲ್ಲೂ ಹೆಂಗಸರಿಗೆ, "ಹವ್ಯಾಸ" ಎಂಬ ಪದವೇ ಪರಕೀಯ. ಅವರ ವಿರಾಮ ಯಾವತ್ತೂ ಕೆಲಸದೊಳಗೇ ಹೆಣೆದುಕೊಂಡಿತ್ತು. ಹಾಡು ಬೀಸುವಾಗ, ಹರಟೆ ಶಾವಿಗೆ ಹೊಸೆಯುವಾಗ, ಕಲೆ ರಂಗೋಲಿ ಹಾಕುವಾಗ. ಅವರ ಕೆಲಸ ತಪ್ಪಿಸಿದಾಗ ಹಾಡೂ ಹರಟೆಯೂ ಅದರ ಹಿಂದೆಯೇ ಹೋಗುತ್ತವೆ.

ನಾನು ಅವ್ವನಿಗೆ ಹಿಂದಕ್ಕೆ ಕೊಟ್ಟ ಮೊದಲ ಕೆಲಸ ಕಾಯಿಪಲ್ಯದ ಲೆಕ್ಕ. ತಳ್ಳುಗಾಡಿಯವನ ಜೊತೆ ಅವಳೇ ಮಾತಾಡಬೇಕು, ದುಡ್ಡು ಅವಳೇ ಎಣಿಸಿ ಕೊಡಬೇಕು, ಚಿಲ್ಲರೆ ಅವಳೇ ನೋಡಬೇಕು. ಮೊದಲ ವಾರ ಹತ್ತು ರೂಪಾಯಿ ಹೆಚ್ಚು ಕೊಟ್ಟಳು. ನಾನು ನೋಡಿಯೂ ಸುಮ್ಮನಿದ್ದೆ. ಮೂರನೇ ವಾರ ಅವನು ತೂಕದಲ್ಲಿ ಮಾಡಿದ ತಪ್ಪನ್ನು ಅವಳೇ ಹಿಡಿದಳು. ಎರಡನೆಯದು ಒಗ್ಗರಣೆ. ಗ್ಯಾಸಿನ ಹತ್ತಿರ ನಾನು ನಿಂತಿರುತ್ತೇನೆ, ಕೈ ಅವಳದು. ಮೂರನೆಯದು ಬಾಗಿಲ ಮುಂದಿನ ರಂಗೋಲಿ. ಬಗ್ಗಲಾಗದ ದಿನ ಸ್ಟೂಲಿನ ಮೇಲೆ ಕೂತು ಮಣೆಯ ಮೇಲೆ ಹಾಕುತ್ತಾಳೆ. ಚುಕ್ಕಿ ಎಣಿಸಿಟ್ಟು, ಎಳೆ ತಪ್ಪದಂತೆ ಸುತ್ತಿ ಮೊದಲಿನ ಜಾಗಕ್ಕೆ ಬರುವುದರಲ್ಲಿ ಲೆಕ್ಕ, ನೆನಪು, ಕೈಯ ಹದ ಮೂರೂ ಇವೆ.

ಹೆಜ್ಜೆ 5: ಯಾವ ಚಟುವಟಿಕೆ ಎಂದು ಆರಿಸುವುದು

ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. "ಮಿದುಳಿಗೆ ಕಸರತ್ತು" ಎಂಬ ಆ್ಯಪಿಗೆ ವರ್ಷದ ಚಂದಾ ಕಟ್ಟಿ, ಟ್ಯಾಬ್ಲೆಟ್ ಅವ್ವನ ಕೈಗಿಟ್ಟೆ. ಬಣ್ಣದ ಚೌಕಗಳು ಮಿಂಚಿ ಮಾಯವಾಗುತ್ತಿದ್ದವು, ತಪ್ಪಿದಾಗಲೆಲ್ಲ ಕರ್ಕಶ ಸದ್ದು. ನಾಲ್ಕನೇ ದಿನ ಅವಳು ಅದನ್ನು ಬೋರಲು ಹಾಕಿ, "ಇದು ಆಟನೋ, ಪರೀಕ್ಷಾನೋ?" ಎಂದು ಕೇಳಿದಳು. ಆಮೇಲೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ್ಯಪ್ ಇಷ್ಟಪಟ್ಟು ಆಡುವವರು ಆಡಲಿ. ಇಷ್ಟವಿಲ್ಲದವರ ಮೇಲೆ ಹೇರಬೇಡಿ.

ಈಗ ನಾನು ಯಾವ ಚಟುವಟಿಕೆಯನ್ನೇ ನೋಡಲಿ, ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅವರಿಗೆ ಇದರಲ್ಲಿ ಮೊದಲಿನಿಂದ ಪ್ರೀತಿ ಇದೆಯೇ? ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾಗುತ್ತದೆಯೇ? ಇನ್ನೊಬ್ಬರು ಜೊತೆಗೆ ಬೇಕಾಗುತ್ತಾರೆಯೇ? ಮೂರಕ್ಕೂ ಹೌದು ಎಂದರೆ ಅದಕ್ಕಿಂತ ಒಳ್ಳೆಯದಿಲ್ಲ.

ಎರಡನೇ ಪ್ರಶ್ನೆಗೆ ಒಂದು ಆಧಾರವಿದೆ. ಅಮೆರಿಕದ ಡಲ್ಲಾಸಿನಲ್ಲಿ ಹಿರಿಯರ ಗುಂಪುಗಳಿಗೆ ಮೂರು ತಿಂಗಳು, ವಾರಕ್ಕೆ 15 ಗಂಟೆಗೂ ಹೆಚ್ಚು ಹೊತ್ತು ಬೇರೆ ಬೇರೆ ಕೆಲಸ ಕೊಟ್ಟು ನೋಡಿದರು. 2014ರಲ್ಲಿ ಅದರ ಫಲಿತಾಂಶ ಬಂತು. ಡಿಜಿಟಲ್ ಫೋಟೊಗ್ರಫಿ, ತುಂಡುಬಟ್ಟೆ ಜೋಡಿಸಿ ಹೊದಿಕೆ ಹೊಲಿಯುವುದು ಮುಂತಾದ ಹೊಸ ವಿದ್ಯೆ ಕಲಿತವರ ನೆನಪು ಸುಧಾರಿಸಿತ್ತು. ಬರೀ ಕೂಡಿ ಹರಟೆ ಹೊಡೆದವರಲ್ಲಿ, ಗೊತ್ತಿರುವುದನ್ನೇ ಮಾಡಿದವರಲ್ಲಿ ಅಷ್ಟು ಸುಧಾರಣೆ ಕಾಣಲಿಲ್ಲ. ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಫೋಟೊಗ್ರಫಿಯಲ್ಲಿ. ಆದ್ದರಿಂದ ನಿಮ್ಮ ಮನೆಯ ಅಪ್ಪನಿಗೆ ಫೋನಿನಲ್ಲಿ ಫೋಟೊ ತೆಗೆದು, ಕತ್ತರಿಸಿ, ಹೆಸರು ಬರೆದು ಮಗನಿಗೆ ಕಳಿಸುವುದನ್ನು ಕಲಿಸುವುದು ಸಣ್ಣ ಕೆಲಸವಲ್ಲ.

ಮಣೆಯಾಟಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ನಿಜವಾಗಿ ನಿಂತದ್ದು ಅದೇ. ಚೌಕಾಬಾರಕ್ಕೆ ಬೇಕಾದ್ದು ಸೀಮೆಸುಣ್ಣದಲ್ಲಿ ಬರೆದ 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕವಡೆ ಸಿಗದಿದ್ದರೆ ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳಿ. ಆ ಉಜ್ಜುವ ಕೆಲಸವನ್ನೂ ಅವರಿಗೇ ಕೊಡಿ. ನಾಲ್ಕೂ ಮೇಲ್ಮುಖವಾಗಿ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು, ಈ ಎರಡಕ್ಕೂ ಮತ್ತೊಮ್ಮೆ ಹಾಕುವ ಅವಕಾಶ. ಹೊರಸುತ್ತು ಮುಗಿಸಿ ಒಳಸುತ್ತಿಗೆ ಹೋಗಬೇಕೆಂದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆದಿರಬೇಕು. ಕಟ್ಟೆಯಲ್ಲಿ, ಅಂದರೆ ಗುರುತು ಹಾಕಿದ ಮನೆಯಲ್ಲಿ, ಕೂತ ಕಾಯನ್ನು ಹೊಡೆಯುವಂತಿಲ್ಲ. ನಿಯಮ ಊರಿಂದೂರಿಗೆ ಒಂದಿಷ್ಟು ಬದಲಾಗುತ್ತದೆ. ನಿಮ್ಮ ಮನೆಯಲ್ಲಿ ಹಿರಿಯರು ಹೇಳಿದ್ದೇ ಅಂತಿಮ.

ಒಂದು ಸರದಿಯಲ್ಲಿ ಮಿದುಳು ಏನೆಲ್ಲ ಮಾಡಬೇಕು ನೋಡಿ. ಬಿದ್ದ ಕವಡೆ ಎಣಿಸಬೇಕು. ನಾಲ್ಕು ಕಾಯಿಗಳಲ್ಲಿ ಯಾವುದನ್ನು ನಡೆಸಿದರೆ ಲಾಭ ಎಂದು ತೂಗಬೇಕು. ಮೂರು ಮನೆ ಹಿಂದಿರುವ ಎದುರಾಳಿಗೆ ಮೂರು ಬಿದ್ದರೆ ಏನು ಗತಿ ಎಂದು ಮುಂದಾಲೋಚಿಸಬೇಕು. ಒಳಸುತ್ತಿನಲ್ಲಿ ದಿಕ್ಕು ತಿರುಗುವುದನ್ನು ನೆನಪಿಟ್ಟುಕೊಳ್ಳಬೇಕು. ಇಷ್ಟರ ನಡುವೆ ಮೊಮ್ಮಗಳ ಮೋಸವನ್ನೂ ಹಿಡಿಯಬೇಕು. ಅವ್ವ ಅದನ್ನು ಹಿಡಿಯುವಾಗ ಅವಳ ಧ್ವನಿ ಊರಿನ ಕಟ್ಟೆಯ ಧ್ವನಿಯೇ ಆಗುತ್ತದೆ.

ಅಳಗುಳಿ ಮಣೆಯೂ ಅಷ್ಟೇ ಒಳ್ಳೆಯದು. ಕರಾವಳಿಯವರು ಚೆನ್ನೆಮಣೆ ಎನ್ನುವುದು ಇದನ್ನೇ. ಎರಡು ಸಾಲಿನಲ್ಲಿ 14 ಗುಳಿ, ಬೀಜ ಹಂಚುತ್ತ ಹೋಗುವ ಆಟ. ಬೆರಳು ನಡುಗುವವರಿಗೆ ಗುಲಗಂಜಿ ಬೇಡ, ದಪ್ಪ ಹುಣಸೆ ಬೀಜ ಕೊಡಿ. ಮರದ ಮಣೆ ಇಲ್ಲದಿದ್ದರೆ 14 ಸಣ್ಣ ಬಟ್ಟಲು ಸಾಕು.

ಗಂಡಸರಿಗೆ ಇಸ್ಪೀಟು, ಕೇರಂ, ಚದುರಂಗ, ಪೇಪರಿನ ಪದಬಂಧ. ಓದು ಇಷ್ಟವಿದ್ದವರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೇಳಲಿ, ಆಮೇಲೆ ಜಗಳವಾಡಲಿ. ಓದು ಬಾರದವರಿಗೆ ಹಾಡು, ಒಗಟು, ಗಾದೆ ಇವೆ. ಸೋಬಾನೆ ಪದ, ಬೀಸುವ ಪದ ಗೊತ್ತಿರುವ ಅಜ್ಜಿಯಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಅರ್ಧ ಮರೆತ ಸಾಲನ್ನು ಮರುದಿನ ಅವರೇ ನೆನಪಿಸಿಕೊಂಡು ಬಂದು ಹೇಳುತ್ತಾರೆ.

ಭಾಷೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ವ್ಯತ್ಯಾಸವಿತ್ತು. ನಮ್ಮ ಕಡೆ ಸಂತೆಯಲ್ಲಿ ಮರಾಠಿ, ಓಣಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ ಆಡಿದ ತಲೆಮಾರಿದು. ಮನೆಗೆ ತಂದು ಕೂರಿಸಿದ ಮೇಲೆ ಆ ಭಾಷೆಗಳಿಗೆ ಕೆಲಸವಿಲ್ಲದಂತಾಗುತ್ತದೆ. ಅವ್ವ ಈಗ ಎದುರುಮನೆಯ ಆಜಿಯ ಜೊತೆ ಹರಕುಮುರುಕು ಮರಾಠಿಯಲ್ಲಿ ಉಪ್ಪಿನಕಾಯಿಯ ವಾದ ಮಾಡುತ್ತಾಳೆ. ನಾನು ನಡುವೆ ಅನುವಾದ ಮಾಡಲು ಹೋಗುವುದಿಲ್ಲ.

ಹೆಜ್ಜೆ 6: ಮೊದಲ ಮೂರು ವಾರ ಹೀಗೆ

ಒಂದೇ ಚಟುವಟಿಕೆಯಿಂದ ಶುರು ಮಾಡಿ. ಹೊತ್ತು, ಜಾಗ, ಜೊತೆ ಮೂರನ್ನೂ ಗಟ್ಟಿ ಮಾಡಿ. ನಮ್ಮಲ್ಲಿ ಬೆಳಗ್ಗೆ 11, ಕಿಟಕಿಯ ಪಕ್ಕದ ಬೆಳಕು, ನಾನು ಅಥವಾ ಎದುರುಮನೆಯ ಆಜಿ. ಮೊದಲ ವಾರ 20 ನಿಮಿಷಕ್ಕಿಂತ ಹೆಚ್ಚು ಬೇಡ. ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಿದರೆ ಮರುದಿನ ಅವರೇ ಕರೆಯುತ್ತಾರೆ.

ಸಾಮಾನು ಕಣ್ಣಿಗೆ ಕಾಣುವಂತಿರಲಿ. ಬೀರುವಿನೊಳಗೆ ಇಟ್ಟದ್ದು ಇಲ್ಲದ್ದಕ್ಕೆ ಸಮ. ಅವ್ವನ ಕೌದಿಯ ಬುಟ್ಟಿ ಅವಳ ಮಂಚದ ಪಕ್ಕದಲ್ಲೇ ಇದೆ. ರಾತ್ರಿ ಮಲಗುವ ಮೊದಲು ಮೊಮ್ಮಗಳು ಐದು ಸೂಜಿಗೆ ದಾರ ಪೋಣಿಸಿ, ಹಳೆಯ ಉಣ್ಣೆಯ ತುಂಡಿಗೆ ಚುಚ್ಚಿಡುತ್ತಾಳೆ. ದೊಡ್ಡ ತೂತಿನ ಸೂಜಿ, ಕಡುಬಣ್ಣದ ಬಟ್ಟೆಗೆ ಬಿಳಿ ದಾರ, ಬಿಳಿಗೆ ಕೆಂಪು ದಾರ. ಪೊರೆಯ ಆಪರೇಶನ್ ಆದ ಮೇಲೂ ಈ ಏರ್ಪಾಡು ಮುಂದುವರಿದಿದೆ, ಯಾಕೆಂದರೆ ಆ ಐದು ನಿಮಿಷದಲ್ಲಿ ಅಜ್ಜಿ-ಮೊಮ್ಮಗಳು ಆಡುವ ಮಾತು ಬೇರೆ ಯಾವಾಗಲೂ ಆಡುವುದಿಲ್ಲ.

"ಯಾರು ಹೊದ್ದುಕೊಳ್ಳುತ್ತಾರೆ" ಎಂಬ ಪ್ರಶ್ನೆಗೆ ಉತ್ತರವಾಗಿ ನಾನು ಒಂದು ಬೇಡಿಕೆ ಇಟ್ಟೆ: ಮೊಮ್ಮಗಳು ಹಾಸ್ಟೆಲಿಗೆ ಹೋಗುವಾಗ ಒಂದು ಕೌದಿ ಬೇಕು. ಬೇಡಿಕೆ ನಿಜವಾದದ್ದಾಗಿರಬೇಕು. ಹಿರಿಯರಿಗೆ ಸುಳ್ಳು ಕೆಲಸ ತಕ್ಷಣ ಗೊತ್ತಾಗುತ್ತದೆ.

ತಪ್ಪು ಮಾಡಿದಾಗ ತಿದ್ದುವ ಮೊದಲು ಹತ್ತು ಎಣಿಸಿ. ಅಷ್ಟರಲ್ಲಿ ಎಷ್ಟೋ ಸಲ ಅವರೇ ತಿದ್ದಿಕೊಳ್ಳುತ್ತಾರೆ. "ನಿನ್ನೆಯಷ್ಟೇ ಹೇಳಿದ್ದೆನಲ್ಲ", "ನೆನಪಿಲ್ವಾ?" ಎಂಬ ಎರಡು ಮಾತನ್ನು ಮನೆಯಲ್ಲಿ ಎಲ್ಲರೂ ಬಿಡಬೇಕು. ಆಟದಲ್ಲಿ ಬೇಕೆಂದೇ ಸೋಲಬೇಡಿ, ಅದೂ ಅವಮಾನವೇ.

ಮೂರು ವಾರದ ನಂತರ ಒಂದು ಎಳೆ ಕಷ್ಟ ಹೆಚ್ಚಿಸಿ. ನನ್ನ ಅಂದಾಜಿನ ಅಳತೆ ಇಷ್ಟೇ: ಹತ್ತು ಸಲದಲ್ಲಿ ಏಳೆಂಟು ಸಲ ತಾನಾಗಿ ಸರಿ ಬಂದರೆ ಮಟ್ಟ ಸರಿಯಾಗಿದೆ. ಹತ್ತೂ ಸರಿಯಾದರೆ ಹೊಸದೇನಾದರೂ ಸೇರಿಸಿ. ನಾಲ್ಕೈದಕ್ಕೆ ಇಳಿದರೆ ಸುಲಭ ಮಾಡಿ. ಅವ್ವ ಮೊದಲು ನೇರ ಹೊಲಿಗೆ ಹಾಕಿದಳು, ಆಮೇಲೆ ಚೌಕದ ತ್ಯಾಪಿ (ತೇಪೆ), ಆರು ತಿಂಗಳ ಮೇಲೆ ತ್ರಿಕೋನ ಜೋಡಿಸಿದ ಅಂಚು.

ಹೆಜ್ಜೆ 7: ಕಾಲಿಗೂ ಪಾಲು ಕೊಡಿ

ಕೂತು ಮಾಡುವ ಹವ್ಯಾಸವೊಂದೇ ಸಾಲದು. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷದವರೆಗೆ ನಡೆದವರ ಮಿದುಳಿನ ಹಿಪೊಕ್ಯಾಂಪಸ್, ಅಂದರೆ ಹೊಸ ನೆನಪು ಕಟ್ಟುವ ಭಾಗ, ಒಂದು ವರ್ಷದಲ್ಲಿ ಸುಮಾರು 2% ಹಿಗ್ಗಿತ್ತು. ಬರೀ ಮೈ ಚಾಚುವ ವ್ಯಾಯಾಮ ಮಾಡಿದವರಲ್ಲಿ ಅದು ಕುಗ್ಗಿತ್ತು. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಮೂರು ದಿನ ಸಮತೋಲನದ ಅಭ್ಯಾಸ ಹೇಳುತ್ತದೆ.

ಅದನ್ನು ಒಮ್ಮೆಲೇ ಮುಟ್ಟಲು ಹೋಗಬೇಡಿ. ಹಾಲಿನ ಅಂಗಡಿಯವರೆಗೆ, ಗುಡಿಯವರೆಗೆ, ಕೆರೆಯವರೆಗೆ ಎಂದು ಗುರಿ ಇಟ್ಟುಕೊಂಡು ನಡೆಯಿರಿ. ನಾವು ಧಾರವಾಡದ ಸಾಧನಕೇರಿಯಲ್ಲಿ ನಡೆಯುತ್ತೇವೆ. ನಡೆಯುತ್ತ ಅವ್ವ ಗಿಡಗಳ ಹೆಸರು ಹೇಳುತ್ತಾಳೆ, ನಾನು ಒಪ್ಪಿಸುತ್ತೇನೆ. ಸಮತೋಲನಕ್ಕೆ ಅಡುಗೆಮನೆಯ ಕಟ್ಟೆ ಹಿಡಿದು ಒಂದೇ ಕಾಲಲ್ಲಿ ಹತ್ತು ಎಣಿಕೆ. ಎದೆನೋವು, ತಲೆಸುತ್ತು, ಬಿದ್ದ ಇತಿಹಾಸವಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಚಪ್ಪಲಿಗೆ ಹಿಂದೆ ಪಟ್ಟಿ ಇರಲಿ.

ಹೆಜ್ಜೆ 8: ಮನೆಯ ಹೊರಗೊಂದು ಜೊತೆ

ಮಗಳೊಬ್ಬಳೇ ಎಲ್ಲಕ್ಕೂ ಜೊತೆಯಾಗಲು ಆಗದು, ಆಗಲೂಬಾರದು. ವಾರಕ್ಕೆ ಎರಡು ಸಲವಾದರೂ ಮನೆಯವರಲ್ಲದವರ ಜೊತೆ ಅವರು ಇರಬೇಕು. ಓಣಿಯ ಭಜನಾ ಮಂಡಳಿ, ಉದ್ಯಾನದಲ್ಲಿ ಬೆಳಗ್ಗೆ ಸೇರುವ ಗುಂಪು, ಗ್ರಂಥಾಲಯದ ಪೇಪರ್ ಕೋಣೆ ಹತ್ತಿರದವು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಧಾರವಾಡದಲ್ಲಿ 1890ರಷ್ಟು ಹಿಂದೆ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸ, ಹಾಡು ನಡೆಯುತ್ತಲೇ ಇರುತ್ತವೆ. ಕರಾವಳಿಯವರಿಗೆ ತಾಳಮದ್ದಳೆ ಇದೆ. ಭಜನೆಯಲ್ಲಿ ತಾಳ ಹಾಕುವ ಕೆಲಸ ಕೇಳಿ ಪಡೆಯಿರಿ. ಸುಮ್ಮನೆ ಕೇಳುವವರಿಗಿಂತ ತಾಳ ಹಾಕುವವರ ಕೆಲಸ ಹೆಚ್ಚು.

ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಪ್ರಯಾಣ ಉಚಿತ. ನಾವು ಅದನ್ನು ಮನಸಾರೆ ಬಳಸಿಕೊಂಡಿದ್ದೇವೆ. ತಿಂಗಳಿಗೊಮ್ಮೆ ಅವ್ವ ಊರಿಗೆ ಹೋಗಿ ಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಕೂತು ಬರುತ್ತಾಳೆ. ಯಾವ ಬಸ್ಸು, ಎಷ್ಟು ಗಂಟೆಗೆ, ಚೀಲದಲ್ಲಿ ಏನೇನು ಎಂದು ಎರಡು ದಿನ ಮೊದಲಿಂದ ಅವಳೇ ಯೋಜನೆ ಹಾಕುತ್ತಾಳೆ. ಆಧಾರ್ ಕಾರ್ಡು ಮತ್ತು ನನ್ನ ಫೋನ್ ನಂಬರ್ ಬರೆದ ಚೀಟಿ ಸೊಂಟದ ಚೀಲದಲ್ಲಿರುತ್ತದೆ.

ಮಕ್ಕಳು ಹೊರದೇಶದಲ್ಲಿದ್ದರೆ ವಿಡಿಯೋ ಕರೆಯಲ್ಲಿ "ಊಟ ಆಯ್ತಾ" ಎಂದು ಕೇಳಿ ಮುಗಿಸಬೇಡಿ. ವಾರಕ್ಕೊಂದು ಅಡುಗೆಯನ್ನು ಅವರಿಂದ ಹೇಳಿಸಿಕೊಂಡು, ಅವರ ಕಣ್ಣೆದುರೇ ಮಾಡಿ.

ಹೆಜ್ಜೆ 9: ಮರೆವು ಈಗಾಗಲೇ ಶುರುವಾಗಿದ್ದರೆ

ಭಾರತದಲ್ಲಿ 60 ದಾಟಿದವರಲ್ಲಿ 7.4% ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು ರಾಷ್ಟ್ರಮಟ್ಟದ ಸಮೀಕ್ಷೆಯೊಂದರ ಅಂದಾಜು. ಅಂಥವರಿಗೂ ಚಟುವಟಿಕೆ ಬೇಕು. ಆದರೆ ಗುರಿ ಬೇರೆ: ನೆನಪು ಮರಳಿಸುವ ಹಟ ಬಿಟ್ಟು, ಆ ಹೊತ್ತು ಹಿತವಾಗಿ ಕಳೆಯಬೇಕು, ಉಳಿದಿರುವ ಕೌಶಲ ಬಳಕೆಯಲ್ಲಿರಬೇಕು.

ದೊಡ್ಡ ಕೆಲಸವನ್ನು ತುಂಡು ಮಾಡಿ. ಕೌದಿ ಹೊಲಿಯಲಾಗದವರು ಬಟ್ಟೆಯ ತುಂಡುಗಳನ್ನು ಬಣ್ಣ ನೋಡಿ ವಿಂಗಡಿಸಬಹುದು. ಚೌಕಾಬಾರದಲ್ಲಿ ಒಂದೇ ಕಾಯಿ ನಡೆಸಬಹುದು. ಅಡುಗೆ ಆಗದಿದ್ದರೂ ಬಟಾಣಿ ಸುಲಿಯಬಹುದು. ಆಯ್ಕೆ ಎರಡೇ ಇರಲಿ: "ಹಾಡು ಕೇಳೋಣವಾ, ಹೂ ಕಟ್ಟೋಣವಾ?" ಎಲ್ಲ ಮರೆತವರ ಬಾಯಲ್ಲೂ ಬಾಲ್ಯದ ಹಾಡು, ವಚನ, ದೇವರನಾಮ ಉಳಿದಿರುವುದುಂಟು. ಮೊದಲ ಸಾಲು ನೀವು ಎತ್ತಿ, ಎರಡನೆಯದಕ್ಕೆ ಕಾಯಿರಿ. ಗಂಡನನ್ನು ಹುಡುಕುವ ಅಜ್ಜಿಗೆ "ಅವರು ಸತ್ತು ಆರು ವರ್ಷವಾಯಿತು" ಎಂದು ಪ್ರತಿ ಸಲ ತಿದ್ದಬೇಡಿ. ಅವರಿಗೆ ಅದು ಪ್ರತಿ ಸಲವೂ ಹೊಸ ಸಾವು. "ಅಜ್ಜ ನಿಮಗೆ ಏನು ತಂದುಕೊಡ್ತಿದ್ರು?" ಎಂದು ಕೇಳಿ.

ಬ್ರಿಟನ್ನಿನಲ್ಲಿ ರೂಪುಗೊಂಡ ಕಾಗ್ನಿಟಿವ್ ಸ್ಟಿಮ್ಯುಲೇಶನ್ ಥೆರಪಿ ಎಂಬ ಗುಂಪು ಚಿಕಿತ್ಸೆಯಲ್ಲಿ ವಾರಕ್ಕೆರಡರಂತೆ 14 ಬೈಠಕ್ಕುಗಳಿರುತ್ತವೆ. ಹಾಡು, ಆಹಾರ, ಬಾಲ್ಯ, ಸುದ್ದಿ ಹೀಗೆ ಒಂದೊಂದು ವಿಷಯದ ಮಾತುಕತೆ. ಸೌಮ್ಯ ಮತ್ತು ಮಧ್ಯಮ ಹಂತದವರಿಗೆ ಇದರಿಂದ ಪ್ರಯೋಜನ ಕಂಡಿದೆ. ನಿಮ್ಮ ಊರಲ್ಲಿ ಅಂಥ ಗುಂಪು ಇದೆಯೇ ಎಂದು ಡಾಕ್ಟರನ್ನು ಕೇಳಿ.

ಹೆಜ್ಜೆ 10: ಡಾಕ್ಟರ ಹತ್ತಿರ ಯಾವಾಗ

ಕನ್ನಡಕ ಎಲ್ಲಿಟ್ಟೆ ಎಂದು ಮರೆತರೆ ಚಿಂತೆ ಬೇಡ. ದಿನವೂ ನಡೆದ ಓಣಿಯಲ್ಲಿ ದಾರಿ ತಪ್ಪಿದರೆ, ಅದೇ ಪ್ರಶ್ನೆಯನ್ನು ನಿಮಿಷಗಳ ಅಂತರದಲ್ಲಿ ಕೇಳಿದರೆ, ಹಣದ ಲೆಕ್ಕ ಹೊಸದಾಗಿ ತಪ್ಪತೊಡಗಿದರೆ, ಗೊತ್ತಿದ್ದ ಅಡುಗೆಯ ಕ್ರಮ ಮರೆತರೆ, ಸ್ವಭಾವ ಬದಲಾದರೆ ತೋರಿಸಿ. ಒಂದೆರಡು ದಿನದಲ್ಲೇ ದಿಢೀರ್ ಗೊಂದಲ ಶುರುವಾದರೆ ಅದು ತುರ್ತು. ಸೋಂಕು, ರಕ್ತದಲ್ಲಿ ಉಪ್ಪಿನಂಶದ ಏರುಪೇರು, ಪಾರ್ಶ್ವವಾಯು ಏನೂ ಇರಬಹುದು. ಆಗ ಕಾಯಬೇಡಿ.

ಮಿದುಳು-ಮನಸ್ಸಿನ ಕಾಯಿಲೆಗಳಿಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಆಸ್ಪತ್ರೆಗಳಿವೆ. ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹಿರಿಯ ನಾಗರಿಕರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ನೋಡಿಕೊಳ್ಳುವವರು ದಣಿದಾಗಲೂ ಎರಡನೇ ನಂಬರಿಗೆ ಕರೆ ಮಾಡಬಹುದು, ನಾನೂ ಮಾಡಿದ್ದೇನೆ. ಹೋಗುವಾಗ ಆ ನೋಟ್‌ಬುಕ್ ಮರೆಯಬೇಡಿ. "ಸ್ವಲ್ಪ ಮರೆವು" ಎಂದು ಹೇಳುವುದಕ್ಕೂ, ಯಾವ ತಿಂಗಳಲ್ಲಿ ಯಾವ ಕೆಲಸ ಬಿಟ್ಟರು ಎಂದು ತಾರೀಖಿನ ಸಮೇತ ತೋರಿಸುವುದಕ್ಕೂ ಬಹಳ ಅಂತರವಿದೆ.

ಆರು ತಿಂಗಳಿಗೊಮ್ಮೆ ಹೆಜ್ಜೆ 2ನ್ನು ಮತ್ತೆ ಮಾಡಿ, ಹಳೆಯ ವಾರದ ಪಕ್ಕದಲ್ಲಿಟ್ಟು ನೋಡಿ. ಕಳೆದ ತಿಂಗಳು ನಾನು ಬರೆದದ್ದು: "ಗುರುವಾರ. ಈಗಲೂ ವಾರ ಯಾವುದೆಂದು ಒಮ್ಮೆ ಕೇಳಿದಳು. 11ಕ್ಕೆ ಕೌದಿ, ಆಜಿ ಬಂದಿದ್ದರು. ಅಂಚಿನ ತ್ರಿಕೋನ ಎರಡು ತಪ್ಪಿತ್ತು, ತಾನೇ ಬಿಚ್ಚಿ ಹೊಲಿದಳು. ಸಂಜೆ ಚೌಕಾಬಾರದಲ್ಲಿ ನನ್ನ ಮೂರು ಕಾಯಿ ಹೊಡೆದಳು. ನಕ್ಕದ್ದು ಎಣಿಸಲಾಗಲಿಲ್ಲ."